ಸ್ಕೆಲ್ಬಿಯ ಗಂಟೆಗಳಿಗೆ ನೆಗಡಿ

ಶವಪೆಟ್ಟಿಗೆಯ ಮುಚ್ಚಳ ತೆಗೆದಾಗ ರಾಜನಿರಲಿಲ್ಲ. ಮ್ಯೂಸಿಯಂನ ಹಳೆಯ ಪರದೆಯೊಂದಿತ್ತು — ಇಸ್ತ್ರಿ ಹಾಕಿ ಮಡಿಸಿಟ್ಟಷ್ಟು ಅಚ್ಚುಕಟ್ಟಾಗಿ.

ಎಡ್ರಿಕ್ ರಾಜನ ಮೂಳೆಗಳಿಗಾಗಿ ಎರಡು ಊರುಗಳ ನಡುವೆ ಮೂರು ವರ್ಷದಿಂದ ಜಗಳ. ಈಜುಕೊಳ ಅಗೆಯುವಾಗ ನಮಗೆ ಸಿಕ್ಕವನು, ನಮ್ಮವನೇ ಎಂದು ಹಾರ್ನ್‌ಬಿ. ಕಿರೀಟ ತೊಟ್ಟದ್ದು ನಮ್ಮಲ್ಲಿ ಎಂದು ವೆಲ್‌ಮಿನ್‌ಸ್ಟರ್. ಕೋರ್ಟು ಹಾರ್ನ್‌ಬಿಯ ಕಡೆಗೆ ತೀರ್ಪಿತ್ತಿತ್ತು. ಶುಕ್ರವಾರ ಮಧ್ಯಾಹ್ನ ಶವಯಾತ್ರೆ. ಈಗ ಶುಕ್ರವಾರ ಬೆಳಿಗ್ಗೆ ಒಂಬತ್ತು.

ಬೀಗ ಒಡೆದಿರಲಿಲ್ಲ. ಕೀಲಿಯಿದ್ದದ್ದು ಇಬ್ಬರಲ್ಲಿ: ಮೂಳೆಗಳನ್ನು ಅಗೆದು ತೆಗೆದ ಕ್ಯೂರೇಟರ್ ಫಿಲಿಪ್ಪಾ ಗಾರ್ಲಂಡ್, ಕಾವಲುಗಾರ ವಾಲ್ಟರ್ ಪಿಮ್. ಫಿಲಿಪ್ಪಾ ಹುಟ್ಟಿದ್ದು ವೆಲ್‌ಮಿನ್‌ಸ್ಟರಿನಲ್ಲಿ. ಹಾರ್ನ್‌ಬಿಯ ಮೇಯರ್‌ಗೆ ಅಷ್ಟು ಸಾಕಾಗಿತ್ತು. ಮೆರವಣಿಗೆಯ ಹೊತ್ತಿಗೆ ಆಕೆಯನ್ನು ಬಂಧಿಸಲೇಬೇಕೆಂದು ಹಟ ಹಿಡಿದಿದ್ದರು.

"ನಿನ್ನೆ ಸಂಜೆ ಮ್ಯೂಸಿಯಂ ಮುಚ್ಚಿದ ಮೇಲೆ ಎಲ್ಲಿದ್ರಿ?" ಇನ್‌ಸ್ಪೆಕ್ಟರ್ ಹೆಸ್ಟರ್ ಥ್ವೇಟ್ ಕೇಳಿದರು.

"ಮನೇಲಿ. ಒಬ್ಳೇ."

"ನೋಡಿದವರು?"

"ಬೆಕ್ಕು," ಎಂದಳು ಫಿಲಿಪ್ಪಾ.

ಪಿಮ್‌ಗೆ ಆ ತೊಂದರೆಯಿರಲಿಲ್ಲ. ಸ್ಕೆಲ್ಬಿ ಹಳ್ಳಿಯ ಚರ್ಚಿನಲ್ಲಿ ಗಂಟೆ ಬಾರಿಸುವವರ ಮುಖಂಡ ಆತ. ಗುರುವಾರ ಸಂಜೆ ಅಭ್ಯಾಸ. ಜೊತೆಗೆ ಐವರಿದ್ದರು. ಇನ್‌ಸ್ಪೆಕ್ಟರರ ಸಾರ್ಜೆಂಟ್ ಆದ ನನ್ನ ಮನೆಯೂ ಆ ಚರ್ಚಿನ ಹಿಂದೆಯೇ.

"ನಾನೂ ಕೇಳಿದೀನಿ ಮೇಡಂ," ಎಂದೆ. "ಗಂಟೆಗಳಿಗೆ ನೆಗಡಿಯಾಗಿತ್ತೇನೋ. ಕಂಬಳಿ ಹೊದ್ದು ಕೆಮ್ಮಿದ ಹಾಗಿತ್ತು."

ಇನ್‌ಸ್ಪೆಕ್ಟರರ ಚಹಾ ಬಟ್ಟಲು ಅರ್ಧದಲ್ಲೇ ನಿಂತಿತು.

"ಒಂದು ಏಟು ಗಟ್ಟಿ, ಒಂದು ಮೆಲ್ಲಗೆ — ಹಾಗಾ?"

"ಇಲ್ಲ. ಎರಡೂ ಮೆಲ್ಲಗೆ."

"ಕಾರು ತೆಗಿಯಪ್ಪ! ಪಿಮ್ ಅವರೇ, ನೀವೂ ಬನ್ನಿ."

ಹನ್ನೆರಡು ಮೈಲಿಯನ್ನು ಹೇಗೆ ದಾಟಿದೆನೋ ಕಾಣೆ. ಸ್ಕೆಲ್ಬಿಯ ಸ್ಮಶಾನದಲ್ಲಿ, ಯೂ ಮರದ ಕೆಳಗೆ, ಹುಲ್ಲುಹಾಸನ್ನು ಕತ್ತರಿಸಿ ಮತ್ತೆ ಹೊಂದಿಸಿದ ಗೆರೆ ಎದ್ದು ಕಾಣುತ್ತಿತ್ತು.

"ನಮ್ಮಪ್ಪನೂ ಗಂಟೆ ಬಾರಿಸ್ತಿದ್ರು," ಎಂದರು ಇನ್‌ಸ್ಪೆಕ್ಟರ್. "ಸಾಮಾನ್ಯರು ಸತ್ತರೆ ಗಂಟೆಯ ನಾಲಿಗೆಗೆ ಒಂದೇ ಮಗ್ಗುಲಲ್ಲಿ, ಸದ್ದು ಮೆಲ್ಲಗಾಗಲಿ ಅಂತ, ತೊಗಲು ಕಟ್ತಾರೆ. ಎರಡೂ ಮಗ್ಗುಲು ಕಟ್ಟೋದು ಬಿಷಪ್, ಊರಿನ ಪಾದ್ರಿ, ಇಲ್ಲಾ ರಾಜ ಮಣ್ಣಾದಾಗ. ಬಿಷಪ್ ಬೆಳಿಗ್ಗೆ ಫೋನಲ್ಲಿ ನನಗೆ ಬೈದಿದ್ದಾರೆ. ನಿಮ್ಮ ಪಾದ್ರಿ ಸ್ಪೇನಲ್ಲಿ ಬಿಸಿಲು ಕಾಯಿಸ್ತಿದ್ದಾರೆ. ಉಳಿದವರು ಯಾರು, ಪಿಮ್ ಅವರೇ? ಗಂಟೆ ಬಾರಿಸದೇ ಇದ್ದಿದ್ರೆ, ಪಾಪ, ಆ ಹುಡುಗಿನ ಒಳಗೆ ಹಾಕ್ತಿದ್ದೆ."

ಪಿಮ್ ಟೋಪಿ ತೆಗೆದ. "ಅವಳ ಮೇಲೆ ಬರುತ್ತೆ ಅಂತ ಹೊಳೀಲಿಲ್ಲ. ರಾಜ ಮೂರು ವರ್ಷ ಪ್ಲಾಸ್ಟಿಕ್ ಡಬ್ಬದಲ್ಲಿದ್ದ, ಮೇಡಂ. ಧೂಳು ಒರೆಸಿದ್ದು ನಾನು. ಎರಡು ಊರಿಗೂ ಬೇಕಿದ್ದದ್ದು ಪ್ರವಾಸಿಗರು. ಮಣ್ಣು ಮಾಡಿದೆ. ರಾಜನನ್ನ ಗಂಟೆ ಇಲ್ಲದೆ ಕಳಿಸೋದು ಹೇಗೆ?"

"ಸರಿ. ಈಗ ಮೇಲೆತ್ತಬೇಕಲ್ಲ."

"ಪವಿತ್ರ ಭೂಮಿ. ಚರ್ಚಿನ ನ್ಯಾಯಾಲಯದ ಅಪ್ಪಣೆ ಇಲ್ದೆ ಗುದ್ದಲಿ ಮುಟ್ಟಿಸೋ ಹಾಗಿಲ್ಲ."

"ಅದಕ್ಕೆಷ್ಟು ದಿನ?"

ಪಿಮ್ ಟೋಪಿಯನ್ನು ಮತ್ತೆ ತಲೆಗೇರಿಸಿದ. "ಎರಡು ಊರು ಕಚ್ಚಾಡಿದ್ದಕ್ಕೇ ಮೂರು ವರ್ಷ ಆಯ್ತು. ಈಗ ಮೂರು ಊರು."