ಹರಕೆಯ ಹುಂಜ

ದೆವ್ವವೆಂದರೆ ನಗುವ ನನಗೆ ಬೆಚ್ಚಗಿನ ಮೂಲೆ ಕಂಡರೆ ಇಂದಿಗೂ ಆಗದು.

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ನಮ್ಮ ಕಡೆಯ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದವು. ಹೊನ್ನಾಳಿಯಲ್ಲಿ ಹತ್ತಿದಾಗ ನನಗೆ ಸಿಕ್ಕಿದ್ದು ಹಿಂದಿನ ಸೀಟು. ಅದರ ಬೆನ್ನಿಗೇ ಇದ್ದಿಲು ಉರಿಯುವ ಡ್ರಮ್ಮು. ಚಳಿಗಾಳಿ ಬಾರದಿರಲೆಂದು ಕಿಟಕಿಗಳಿಗೆ ಟಾರ್ಪಾಲಿನ ಪರದೆ ಇಳಿಬಿಟ್ಟಿದ್ದರು. ಪಕ್ಕದಲ್ಲಿ ಚೌಡಮ್ಮನೆಂಬ ಮುದುಕಿ. ತೊಡೆಯ ಮೇಲೆ ಅಳುವ ಮೊಮ್ಮಗಳು, ಕಾಲ ಬಳಿ ಬುಟ್ಟಿಯಲ್ಲಿ ಸವಳಂಗದ ಅಮ್ಮನಿಗೆ ಹರಕೆಯ ಹುಂಜ.

ಸ್ವಲ್ಪ ದೂರ ಹೋಗುವಷ್ಟರಲ್ಲೇ ನನ್ನ ತಲೆ ಸಿಡಿಯತೊಡಗಿತು. ವಾಸನೆ ಏನೂ ಇರಲಿಲ್ಲ. ಹುಂಜ ಕೊಕ್ಕು ತೆರೆದು ತೂಕಡಿಸಿ, ಸದ್ದಿಲ್ಲದೆ ಒರಗಿತು. ಮುಟ್ಟಿದೆ, ಸತ್ತಿತ್ತು.

"ಏನಾತಜ್ಜಿ ಇದಕ್ಕೆ?"

"ಅಮ್ಮ ದಾರ್ಯಾಗೇ ತಗಂಡಾಳಪ್ಪ," ಎಂದು ಮುದುಕಿ ಕೈಮುಗಿದಳು. ಮುಖದಲ್ಲಿ ಸಂತೋಷವಿತ್ತು.

ನ್ಯಾಮತಿಯಲ್ಲಿ ತಡವರಿಸುತ್ತ ಇಳಿದು ವಾಂತಿ ಮಾಡಿಕೊಂಡೆ. ಹೊರಗಿನ ಗಾಳಿಗೆ ತಲೆ ತಿಳಿಯಾಯಿತು.

"ಅಜ್ಜಿ, ಮುಂದಿನ ಸೀಟಿಗೆ ಹೋಗ್ರಿ," ಎಂದೆ. ಏಕೆಂದು ಆಗ ನನಗೂ ಗೊತ್ತಿರಲಿಲ್ಲ; ಇದ್ದಿಲ ಗ್ಯಾಸಿನ ವಿಷಕ್ಕೆ ವಾಸನೆಯಿಲ್ಲವೆಂದು ತಿಳಿದದ್ದು ಬಹಳ ದಿನಗಳ ಮೇಲೆ.

"ಇಲ್ಲೇ ಬೆಚ್ಚಗೈತೆ ಬಿಡಪ್ಪ." ಅವಳು ಅಳುವ ಮಗುವನ್ನು ಬುಟ್ಟಿಯ ಪಕ್ಕ ಕಂಬಳಿ ಹಾಸಿ ಮಲಗಿಸಿ, ಪರದೆ ಎಳೆದುಕೊಂಡಳು.

ಕಂಡಕ್ಟರು ಡ್ರಮ್ಮಿಗೆ ಇದ್ದಿಲು ಸುರಿಯುತ್ತಿದ್ದ. ಬಸ್ಸು ಇನ್ನೂ ಹೊರಟಿರಲಿಲ್ಲ, ಒಳಗೆ ಅಳು ನಿಂತಿತು.

"ನೋಡು, ಕೂಸಿಗೆ ನಿದ್ದಿ ಬಂತು," ಎಂದಳು ಮುದುಕಿ, ಪರದೆಯ ಒಳಗಿನಿಂದ.