ಬೇಲಿ ದಾಟಿದ ನಾಟ್ ಸೊಪ್ಪು

"ಆ ಗುದ್ದಲಿ ಕೆಳಗಿಡಿ! ಅದು ನನ್ನ ಮಧ್ಯಾಹ್ನದ ಸೂಪು!"

ಲೇಲೊ ಬೆಚ್ಚಿ ತಲೆಯೆತ್ತಿದಳು. ಬೇಲಿಯಾಚೆ ಎತ್ತರದ ಗಂಡಸೊಬ್ಬ ಬುಟ್ಟಿ ಹಿಡಿದು ನಿಂತಿದ್ದ. ಗಡ್ಡಕ್ಕೆಲ್ಲ ಹಿಟ್ಟು ಮೆತ್ತಿತ್ತು. ಕಣ್ಣು ಮಾತ್ರ... ಅಬ್ಬಾ, ಅದೆಷ್ಟು ನೀಲಿ!

"ಸೂಪಾ? ಇದು ನಾಟ್ ಕಣ್ರೀ, ಕಳೆ! ನಿಮ್ಮ ಕಡೆಯಿಂದ ಬೇರು ನುಗ್ಗಿ ನನ್ನ ಸ್ಟ್ರಾಬೆರಿ ಪಾತೀನೇ ತಿಂದು ಹಾಕಿದೆ!"

"ನೀವೂ ಅದನ್ನ ತಿಂದು ಹಾಕಿ. ಅಲ್ಲಿಗೆ ಸರಿಹೋಯ್ತು!"

ಅವನು ತಾರ್ವೊ. ತಾರ್ತು ಪಟ್ಟಣದ ನದಿ ದಂಡೆಯ ಪುಟ್ಟ ಹೋಟೆಲಿನ ಅಡುಗೆಯವನು. ಆ ವಸಂತದಲ್ಲಷ್ಟೇ ಪಕ್ಕದ ಮನೆಯಲ್ಲಿದ್ದ ತನ್ನ ಸೋದರತ್ತೆ ಹಿಲ್ಯಾಳ ಜೊತೆ ಇರಲು ಬಂದಿದ್ದ. ಅವನ ನಾಟ್ ಸೂಪನ್ನು ಮೇಲೊಂದು ಚಮಚ ಹುಳಿ ಕೆನೆ ಹಾಕಿಸಿಕೊಂಡು ಕುಡಿಯಲು ಜನ ಸಾಲು ನಿಲ್ಲುತ್ತಿದ್ದರು.

ಲೇಲೊಗೆ ನಗು ಬರಲಿಲ್ಲ. ಸ್ಟ್ರಾಬೆರಿ ಸಸಿ ಮಾರಿಯೇ ಅವಳ ಬದುಕು. ಕಳೆದ ಶನಿವಾರ ಸಂತೆಯಲ್ಲಿ ಹೆಂಗಸೊಬ್ಬಳು ಎಲ್ಲರೆದುರು ಕುಂಡವನ್ನು ಬೋರಲು ಹಾಕಿದ್ದಳು. ಮಣ್ಣಿನ ನಡುವೆ ನಾಟ್‌ನ ಬಿಳೀ ಬೇರು! "ಇವಳ ಸಸಿ ಮನೆಗೆ ಒಯ್ದರೆ ತೋಟ ಹಾಳು" ಎಂದು ಕೂಗಿದ್ದಳು. ಆಮೇಲೆ ಯಾರೂ ಲೇಲೊಳ ಬಳಿ ಸುಳಿಯಲಿಲ್ಲ.

'ನನ್ನ ಮಣ್ಣಲ್ಲಿ ಒಂದೇ ಒಂದು ಬೇರೂ ಉಳೀಬಾರದು...' ಲೇಲೊ ಹಲ್ಲು ಕಚ್ಚಿ ಗುದ್ದಲಿ ಬೀಸಿದಳು.

ದಿನಾ ಬೆಳಿಗ್ಗೆ ಅಗೆದಳು. ದಿನಾ ಬೆಳಿಗ್ಗೆ ಅವನೂ ಬೇಲಿಯ ಮೇಲಿಂದ ಬುಟ್ಟಿ ಚಾಚಿದ.

"ಎಳೇ ಎಲೆ ಇಲ್ಲಿ ಹಾಕಿ. ಬಿಸಾಡಿದ್ರೆ ಪಾಪ ಬರುತ್ತೆ."

ಒಂದು ದಿನ ಬುಟ್ಟಿಯ ಬದಲು ಬಿಸಿ ಬಟ್ಟಲು ಬಂತು. ಲೇಲೊ ಒಂದು ಗುಟುಕು ಕುಡಿದಳು... ಇನ್ನೊಂದು... ಬಟ್ಟಲು ಖಾಲಿ!

"ಹೇಗಿತ್ತು?"

"ಚೆನ್ನಾಗಿತ್ತು. ಆದ್ರೂ ಕೀಳ್ತೀನಿ!"

ಅವನು ಜೋರಾಗಿ ನಕ್ಕ. ಆ ನಗು ಇಡೀ ದಿನ ಅವಳ ಕಿವಿಯಲ್ಲೇ ಉಳಿಯಿತು.

ಆದರೆ ಮರುವಾರ...

ಅವನ ಕಡೆಯ ಸೊಪ್ಪೆಲ್ಲ ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗಿ ಮಲಗಿತ್ತು. ತಾರ್ವೊನ ಮುಖ ಕಲ್ಲಾಗಿತ್ತು.

"ವಿಷ ಹೊಡೆದ್ರಾ?"

"ನಾನಾ...?"

"ಇನ್ಯಾರು? ಜನ ತಿನ್ನೋ ಸೊಪ್ಪಿಗೆ! ಇಷ್ಟೊಂದು ಹಟಾನಾ ನಿಮಗೆ?"

ಲೇಲೊ ಅಳಲಿಲ್ಲ. ಬೇಲಿ ಹತ್ತಿ ಆಚೆ ಧುಮುಕಿದಳು. ಬಾಡಿದ ಎಲೆಗಳನ್ನು ಹಿಡಿಯಷ್ಟು ಕಿತ್ತು ಬಾಯಿಗೆ ತುರುಕಿಕೊಂಡಳು!

"ಉಗುಳು! ಲೇಲೊ, ಉಗುಳು!" ಅವನು ಅವಳ ಭುಜ ಹಿಡಿದು ಅಲುಗಾಡಿಸಿದ.

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ಅಗಿದಳು. ತಟ್ಟನೆ ನಿಲ್ಲಿಸಿದಳು.

"ಉಪ್ಪು! ಬರೀ ಉಪ್ಪು!"

ಅಡುಗೆಮನೆ ಬಾಗಿಲಲ್ಲಿ ಹಿಲ್ಯಾ ಅತ್ತೆ ಪಾತ್ರೆ ಹಿಡಿದು ನಿಂತಿದ್ದಳು. ಪಾತ್ರೆಯಿಂದ ಹಬೆ ಏಳುತ್ತಿತ್ತು.

"ಏನ್ ಹಾಗೆ ನೋಡ್ತೀರಾ? ನಾನೇ ಸುರಿದಿದ್ದು! ಆಲೂಗಡ್ಡೆ ಬೇಯಿಸಿದ ಉಪ್ಪುನೀರು. ಬೆಳಿಗ್ಗೆ ಸೊಪ್ಪು, ಸಂಜೆ ಸೊಪ್ಪು... ನನ್ನನ್ನೇನು ಮೇಕೆ ಅಂದ್ಕೊಂಡಿದ್ದೀಯೇನೋ?"

ತಾರ್ವೊ ತಲೆ ತಗ್ಗಿಸಿದ. "ಲೇಲೊ... ತಪ್ಪಾಯ್ತು."

ಅವಳು ಬೇಲಿ ದಾಟಿ ಮನೆಗೆ ನಡೆದಳು. 'ಒಂದು ಮಾತು ಕೇಳಬಹುದಿತ್ತಲ್ಲ... ಕೇಳದೇ ಬೈದುಬಿಟ್ಟನಲ್ಲ!'

ಮರುದಿನದಿಂದ ಬೇಲಿಯಾಚೆ ಗುದ್ದಲಿಯ ಸದ್ದು ಶುರುವಾಯಿತು. ಲೇಲೊ ಪರದೆ ಸರಿಸಿ ನೋಡಿದಳು. ತಾರ್ವೊ ಬೇಲಿಯುದ್ದಕ್ಕೂ ಮೊಣಕಾಲುದ್ದ ಆಳದ ಕಾಲುವೆ ತೋಡಿ, ಬೇರು ದಾಟದಂತೆ ತಗಡು ಹೂಳುತ್ತಿದ್ದ. ಮಳೆ ಬಂದರೂ ನಿಲ್ಲಿಸಲಿಲ್ಲ.

ಲೇಲೊ ಕೂಡ ಸುಮ್ಮನೆ ಕೂರಲಿಲ್ಲ. ಶನಿವಾರ ಸಸಿಗಳ ಬೇರು ತೊಳೆದು, ಮಣ್ಣಿಲ್ಲದೆ ಸಂತೆಗೆ ಒಯ್ದಳು. "ನೋಡಿ, ಮುಟ್ಟಿ, ಆಮೇಲೆ ಕೊಳ್ಳಿ!" ಎಂದು ಗಟ್ಟಿಯಾಗಿ ಕೂಗಿದಳು. ಮೊದಲು ಹಿಂಜರಿದ ಜನ ಒಬ್ಬೊಬ್ಬರಾಗಿ ಬಂದರು. ಸಂಜೆಗೆ ಬುಟ್ಟಿ ಬರಿದಾಯಿತು.

ಮನೆಗೆ ಬಂದವಳು ಸೀದಾ ಬೇಲಿಯ ಬಳಿ ಹೋದಳು.

"ಇನ್ನು ಒಂದು ಬೇರೂ ದಾಟಲ್ಲ," ತಾರ್ವೊ ಬೆವರು ಒರೆಸಿಕೊಂಡ. "ಮತ್ತೆ ಚಿಗುರೋ ಸೊಪ್ಪು ನನ್ನ ಕಡೆ, ಹಣ್ಣು ನಿಮ್ಮ ಕಡೆ. ದಿನಾ ಅಗೆಯೋ ಕಷ್ಟ ನಿಮಗೆ ತಪ್ಪಿತು."

"ಕಷ್ಟ ಅಂತ ಯಾರು ಹೇಳಿದ್ರು?" ಲೇಲೊ ಬೇಲಿಯ ಗೂಟ ಹಿಡಿದಳು. "ಬೇಲಿ ಹತ್ರದ ಪಾತೀಲಿ ಬೇರು ಎಂದೋ ಮುಗಿದಿತ್ತು... ನೀನು ಬರ್ತೀಯ ಅಂತ ಅಲ್ಲೇ ಮತ್ತೆ ಮತ್ತೆ ಅಗೀತಿದ್ದೆ!"

ಅವನ ಕೈಯಿಂದ ಗುದ್ದಲಿ ಜಾರಿತು.

"ನನಗೂ ಸೊಪ್ಪು ನಮ್ಮ ಕಡೆಯೇ ಬೇಕಾದಷ್ಟಿತ್ತು ಕಣೇ..."

ಬೊಬ್ಬೆ ಎದ್ದ ಅವನ ಅಂಗೈಯನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೋವಾಗ್ತಿದ್ಯಾ?"

"ಹೂಂ."

"ಬಿಡ್ಲಾ?"

"ಬೇಡ... ಬಿಡಬೇಡ."