ಕರಿ ಎಳೆ, ಹಸಿರು ಎಳೆ

ಬಹಳ ಹಿಂದೆ, ಕರಿನೆಲ ಎಂಬ ರಾಜ್ಯದಲ್ಲಿ ಬೊಮ್ಮಕ್ಕ ಎಂಬ ಹೆಣ್ಣುಮಗಳು ಕಡಲೆ ಬೆಳೆದುಕೊಂಡಿದ್ದಳು. ಮನೆಯಲ್ಲಿ ಅವಳು, ಅವಳ ತಂದೆ ಮಾದಯ್ಯ, ಇಬ್ಬರೇ.

ಒಂದು ವರ್ಷ ಅಲ್ಲಿಗೆ ಕೊಳೆಕಂಠನೆಂಬ ಮಾಂತ್ರಿಕ ಬಂದ. ಅವನು ಕೋಲೂರಿದ ಕಡೆಯಿಂದ ಕರಿ ಎಳೆಗಳು ಮಣ್ಣೊಳಗೆ ಹರಿದು ಬೇರುಗಳನ್ನು ಹಿಂಡಿದವು. ಹೂ ಬಿಟ್ಟ ಕಡಲೆ ನಿಂತಲ್ಲೇ ಸೊರಗಿತು. ಆಮೇಲೆ ಅವನೇ ವೈದ್ಯನ ವೇಷದಲ್ಲಿ ಅರಮನೆಗೆ ಹೋಗಿ, "ಪ್ರಭು, ಹೊಲಗಳಿಗೆ ನನ್ನ ಉರಿನೀರು ಸುರಿಸಿ, ರೋಗ ಸಾಯುತ್ತದೆ" ಎಂದ. ಅರಸ ಸುರಿಸಿದ. ಮಣ್ಣಿನ ಜೀವವೆಲ್ಲ ಸತ್ತಿತು. ಕರಿ ಎಳೆ ಮಾತ್ರ ಉಳಿಯಿತು. ಹಸಿದ ಜನಕ್ಕೆ ಮಾಂತ್ರಿಕ ತನ್ನ ಕಣಜ ತೆರೆದ. ಆ ಕಾಳು ತಿಂದವರು ಹೆಸರು ಮರೆತು ಅವನ ಆಳುಗಳಾದರು. ಅರಸನೂ ತಿಂದ.

"ಸತ್ತರೂ ಅವನ ಕಾಳು ಮುಟ್ಟೋದಿಲ್ಲ ಮಗಳೇ," ಎಂದ ಮಾದಯ್ಯ. "ಉರಿನೀರು ತಾಗದ ಮಣ್ಣು ಉಡದ ಕಾಡಿನಲ್ಲಿದೆ. ಒಂದು ಕುಡಿಕೆ ತಾ. ಬಿತ್ತನೆ ಕಡಲೆ ನಾನು ಕಾಯ್ತೀನಿ."

ಮೂರು ದಿನ ನಡೆದು ಬೊಮ್ಮಕ್ಕ ಕಾಡು ಸೇರಿದಳು. ಆನೆಯಷ್ಟು ದೊಡ್ಡ ಉಡ ಆ ಮಣ್ಣಿನ ಮೇಲೆ ಮಲಗಿತ್ತು.

"ತಗೊಂಡು ಹೋಗು," ಎಂದಿತು ಉಡ. "ಆದರೆ ಇದರಲ್ಲಿ ಕಣ್ಣಿಗೆ ಕಾಣದ ಲಕ್ಷ ಜೀವಗಳಿವೆ. ಜೀವಂತವಾಗಿ ಮುಟ್ಟಿಸಬೇಕು. ಅವು ಕೇಳಿದ್ದು ಕೊಡು."

ಬೊಮ್ಮಕ್ಕ ಕುಡಿಕೆ ತುಂಬಿಕೊಂಡು ಮನೆಯತ್ತ ಹೊರಟಳು. ಮೊದಲ ದಿನ ಕುಡಿಕೆ ಕೂಗಿತು: "ಅಕ್ಕಾ, ಬಿಸಿಲು!" ಬೊಮ್ಮಕ್ಕ ಸೆರಗು ಹರಿದು ಹೊದಿಸಿದಳು. ಅವಳ ಬರಿ ಹೆಗಲಲ್ಲಿ ಬೊಬ್ಬೆಗಳೆದ್ದವು.

ಎರಡನೆಯ ದಿನ ಕೂಗಿತು: "ಅಕ್ಕಾ, ಬಾಯಾರಿಕೆ!" ಉಳಿದಿದ್ದ ನೀರೆಲ್ಲ ಚಿಮುಕಿಸಿದಳು. ಅವಳ ತುಟಿ ಒಡೆದು ರಕ್ತ ಬಂತು.

ಮೂರನೆಯ ದಿನ ಮಧ್ಯಾಹ್ನ ಮನೆ ಮುಟ್ಟಿದಳು. ಮಾದಯ್ಯ ಬಾಗಿಲಿಗೆ ಒರಗಿ ಕೂತಂತೆಯೇ ಸತ್ತಿದ್ದ. ಮಡಿಲಲ್ಲಿ ಬಿತ್ತನೆ ಚೀಲ. ಒಂದು ಕಾಳೂ ಕಡಿಮೆಯಾಗಿರಲಿಲ್ಲ.

"ಅಕ್ಕಾ, ಹಸಿವು," ಎಂದಿತು ಕುಡಿಕೆ.

"ನನ್ನ ಹತ್ತಿರ ಏನೂ ಉಳಿದಿಲ್ಲವಲ್ಲೋ!"

"ನಾವು ತಿನ್ನೋದು ಸತ್ತದ್ದನ್ನೇ, ಅಕ್ಕಾ."

ಬೊಮ್ಮಕ್ಕ ಬಹಳ ಹೊತ್ತು ತಂದೆಯ ಕಾಲು ಹಿಡಿದು ಕೂತಳು. ಆಮೇಲೆ ಹೊಲದ ನಡುವೆ ಗುಂಡಿ ತೋಡಿ, ಅವನನ್ನು ಮಲಗಿಸಿ, ಎದೆಯ ಮೇಲೆ ಕುಡಿಕೆಯ ಅರ್ಧ ಮಣ್ಣು ಹರಡಿ ಮುಚ್ಚಿದಳು. ಉಳಿದರ್ಧವನ್ನು ನೀರಲ್ಲಿ ಕಲಸಿ, ಕಡಲೆಗೆ ಸವರಿ ಬಿತ್ತಿದಳು.

ಏಳನೆಯ ದಿನ ಮೊಳಕೆ ಎದ್ದಿತು. ಸುದ್ದಿ ತಿಳಿದ ಕೊಳೆಕಂಠ ಓಡಿ ಬಂದು ಕೋಲೂರಿದ. ಕರಿ ಎಳೆಗಳು ಬೇರಿನತ್ತ ಹರಿದವು. ಆಗ ಮಾದಯ್ಯನ ಗುಂಡಿಯಿಂದ ಹಸಿರು ಎಳೆಗಳು ಎದ್ದವು. ಒಂದೊಂದು ಕರಿ ಎಳೆಗೂ ಸುತ್ತಿಕೊಂಡು, ಬಿಗಿದು, ಹೀರಿ ಬರಿದು ಮಾಡಿದವು. ಕೋಲು ಹತ್ತಿ ಮಾಂತ್ರಿಕನ ಕೈಯೊಳಗೂ ನುಗ್ಗಿದವು. ಅವನ ಮೈಯಲ್ಲಿ ರಕ್ತವಿರಲಿಲ್ಲ, ಮೂಳೆಯಿರಲಿಲ್ಲ. ಬರೀ ಕರಿ ಎಳೆ.

"ನಿಲ್ಲಿಸೇ! ರಾಜ್ಯವನ್ನೇ ಕೊಡ್ತೀನಿ!"

"ಅವಕ್ಕೆ ಹಸಿವಾಗಿದೆ," ಎಂದಳು ಬೊಮ್ಮಕ್ಕ.

ಅವನು ಹೊಟ್ಟಿನ ಹಾಗೆ ಉದುರಿದ. ಊರೂರಲ್ಲಿ ಜನಕ್ಕೆ ತಮ್ಮ ಹೆಸರು ನೆನಪಾಯಿತು. ಅರಸ ಬರಿಗಾಲಲ್ಲಿ ಬಂದು, "ತಪ್ಪಾಯಿತು ತಾಯಿ," ಎಂದ.

"ಮೊದಲು ಈ ಹೊಲದ ಮಣ್ಣು ಹೊರು," ಎಂದಳು ಅವಳು. ಅರಸ ಹೊತ್ತ. ಹೊಲದಿಂದ ಹೊಲಕ್ಕೆ ಆ ಮಣ್ಣು ಹಂಚಿಹೋಯಿತು.

ಸುಗ್ಗಿಗೆ ಮನೆಮನೆಯಲ್ಲೂ ಕಡಲೆ ಬೆಂದಿತು. ಮೊದಲ ತುತ್ತು ಬಾಯಿಗಿಟ್ಟ ಬೊಮ್ಮಕ್ಕನಿಗೆ ತಂದೆ ನೆನಪಾದ. ಅತ್ತಳು. ಅಳುತ್ತಲೇ ಅಗಿದು ನುಂಗಿದಳು. ಅಲ್ಲಿಂದಾಚೆ ಕರಿನೆಲದವರು ಬಿತ್ತಿದರು, ಉಂಡರು, ಮಕ್ಕಳು ಮೊಮ್ಮಕ್ಕಳೊಂದಿಗೆ ನೂರು ಕಾಲ ನೆಮ್ಮದಿಯಾಗಿ ಬಾಳಿದರು.